ನಕ್ಷೆಯಲ್ಲಿರುವಾಗಲೇ ಮುಪ್ಪನ್ನು ಅಳೆಯುವುದು: ನಗರ ವಸತಿಯ ಕೆಲವು ಲೆಕ್ಕಗಳು

ಇವತ್ತು ನಕ್ಷೆಗೆ ಮಂಜೂರಾತಿ ಸಿಕ್ಕ ಒಂದು ವಸತಿ ಸಮುಚ್ಚಯವನ್ನು ತೆಗೆದುಕೊಳ್ಳಿ. ಕಟ್ಟಿ ಮುಗಿಯಲು ಮೂರು ವರ್ಷ. ಮೊದಲು ಬಂದು ಸೇರುವವರಿಗೆ 35ರ ಆಸುಪಾಸು ವಯಸ್ಸು ಎಂದಿಟ್ಟುಕೊಳ್ಳೋಣ. ಕಾಂಕ್ರೀಟ್ ಕಟ್ಟಡ 60 ವರ್ಷ ನಿಲ್ಲುತ್ತದೆ. ಹಾಗಾದರೆ ಆ ಕಟ್ಟಡ ತನ್ನ ಆಯುಸ್ಸಿನ ಮಧ್ಯಕ್ಕೆ ಬರುವ ಹೊತ್ತಿಗೆ ಅದೇ ಜನಕ್ಕೆ 65 ತುಂಬಿರುತ್ತದೆ, ಅಲ್ಲಿಂದ ಮುಂದೆ ಇನ್ನೂ 20 ವರ್ಷ ಅವರು ಅಲ್ಲೇ ಇರುತ್ತಾರೆ. ನಾವು ಯುವ ದಂಪತಿಗಳಿಗೆಂದು ಮಾರುವ ಮನೆಯಲ್ಲಿ ಅತಿ ಹೆಚ್ಚು ಗಂಟೆ ಕಳೆಯುವವರು ಮುದುಕರೇ. ಕೆಲಸಕ್ಕೆ ಹೋಗುವವರು ಹಗಲಿಡೀ ಹೊರಗೆ, ನಿವೃತ್ತರು ಹಗಲಿಡೀ ಒಳಗೆ.

ಆದ್ದರಿಂದ ‘ನಗರಕ್ಕೆ ಎಷ್ಟು ವೃದ್ಧಾಶ್ರಮ ಬೇಕು’ ಎಂಬಲ್ಲಿಂದ ಯೋಜನೆ ಶುರುಮಾಡಿದರೆ ದಾರಿ ತಪ್ಪುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2050ರ ವೇಳೆಗೆ ಜಗತ್ತಿನ ಆರು ಜನರಲ್ಲಿ ಒಬ್ಬರು 65 ದಾಟಿದವರು. ಆರರಲ್ಲಿ ಒಬ್ಬರಿಗೆ ಪ್ರತ್ಯೇಕ ಕಟ್ಟಡ ಕಟ್ಟಿಕೊಡುವ ಶಕ್ತಿ ಯಾವ ನಗರಕ್ಕೂ ಇಲ್ಲ, ಕಟ್ಟಿದರೂ ಅವರಲ್ಲಿ ಹೆಚ್ಚಿನವರು ಹೋಗುವುದಿಲ್ಲ. ಸಾಮಾನ್ಯ ಮನೆಯನ್ನೇ ಮುಪ್ಪಿಗೂ ಒದಗುವಂತೆ ಕಟ್ಟುವುದು, ಅದೂ ನಕ್ಷೆ ಕಾಗದದ ಮೇಲಿರುವಾಗಲೇ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇಷ್ಟರ ಸುತ್ತಲೇ ಇದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ಕಾಂಕ್ರೀಟಿಗೆ ಆ ಮಾತು ಮನುಷ್ಯರಿಗಿಂತ ಚೆನ್ನಾಗಿ ಒಪ್ಪುತ್ತದೆ.

ಮೊದಲು ಎಣಿಕೆ. ಇಡೀ ನಗರದ ಸರಾಸರಿ ನೋಡಿ ಯೋಜನೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಡಾವಣೆಗಳು ಒಟ್ಟಿಗೆ ತುಂಬುತ್ತವೆ, ಹಾಗಾಗಿ ಒಟ್ಟಿಗೇ ಮುಪ್ಪಾಗುತ್ತವೆ. ಟೋಕಿಯೋ ಪಕ್ಕದ ತಾಮಾ ನ್ಯೂ ಟೌನ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 1971ರಲ್ಲಿ ಮೊದಲ ಕುಟುಂಬಗಳು ಬಂದವು. ಹೆಚ್ಚುಕಮ್ಮಿ ಒಂದೇ ವಯಸ್ಸಿನ ದಂಪತಿಗಳು, ಲಿಫ್ಟ್ ಇಲ್ಲದ ಐದಂತಸ್ತಿನ ಸಾಲು ಸಾಲು ಕಟ್ಟಡಗಳು. ಮಕ್ಕಳು ಬೆಳೆದು ಹೊರಟರು, ಶಾಲೆಗಳು ಖಾಲಿಯಾದವು, ನಾಲ್ಕನೆಯ ಐದನೆಯ ಮಹಡಿಗಳಲ್ಲಿ 70 ದಾಟಿದವರು ಉಳಿದುಕೊಂಡರು. ನಗರದ ಒಟ್ಟು ಸರಾಸರಿಯಲ್ಲಿ ಇಂಥ ಜಾಗ ಕಾಣಿಸುವುದೇ ಇಲ್ಲ.

ಎಣಿಸುವ ಕ್ರಮ ಕಷ್ಟವೇನಲ್ಲ. ವಾರ್ಡಿನ ಜನರನ್ನು ಐದೈದು ವರ್ಷದ ಗುಂಪುಗಳಾಗಿ ಬಿಡಿಸಿ. ಹತ್ತು ವರ್ಷದ ನಂತರ 65 ದಾಟುವವರೆಲ್ಲ ಇವತ್ತು 55 ದಾಟಿ ನಮ್ಮ ಕಣ್ಣೆದುರೇ ಓಡಾಡುತ್ತಿದ್ದಾರೆ, ಇದರಲ್ಲಿ ಜ್ಯೋತಿಷ್ಯ ಇಲ್ಲ. ಆಮೇಲೆ 65-74, 75-84, 85 ಮೇಲ್ಪಟ್ಟವರು ಎಂದು ಮೂರು ಪಾಲು ಮಾಡಿ. ಮೊದಲ ಪಾಲಿನವರಿಗೆ ಬೇಕಾದದ್ದು ಬಹುಪಾಲು ನಮಗೆಲ್ಲ ಬೇಕಾದದ್ದೇ. ಎರಡನೆಯವರಿಗೆ ಮೆಟ್ಟಿಲು ತೊಡಕು. ಮೂರನೆಯವರಲ್ಲಿ ಬಹಳ ಮಂದಿಗೆ ರಾತ್ರಿ ಉಳಿಯುವ ಒಬ್ಬ ಸಹಾಯಕರು ಬೇಕು, ಅಂದರೆ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಬೇಕು. ‘ಹಿರಿಯ ನಾಗರಿಕರು’ ಎಂದು ಮೂವರನ್ನೂ ಒಂದೇ ಅಂಕಣದಲ್ಲಿ ತುಂಬಿದ ವರದಿಯಿಂದ ಏನನ್ನೂ ಕಟ್ಟಲಾಗದು. ಇದರ ಜೊತೆಗೆ ಪ್ರತಿ ಕಟ್ಟಡದ ಮಹಡಿಗಳೆಷ್ಟು, ಲಿಫ್ಟ್ ಇದೆಯೇ, ಕಟ್ಟಿದ ವರ್ಷ ಯಾವುದು ಎಂಬ ಪಟ್ಟಿ ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿ. ಲಿಫ್ಟಿಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿ ಮತ್ತು ಅದಕ್ಕೂ ಮೇಲೆ, 75 ದಾಟಿದವರು ಎಷ್ಟು ಮನೆಗಳಲ್ಲಿದ್ದಾರೆ? ಹಣ ಕಡಿಮೆಯಿದ್ದರೆ ಈ ಒಂದು ಸಂಖ್ಯೆ ಸಾಕು.

ಆ ಮನೆಗಳಿಗೆ ಏನು ಮಾಡಬೇಕು? ಲಿಫ್ಟ್ ಹಾಕಿ ಎನ್ನುವುದು ಸುಲಭ. ಹಳೆಯ ಕಟ್ಟಡಗಳಲ್ಲಿ ಒಂದು ಮೆಟ್ಟಿಲಸಾಲು, ಅದರ ಎರಡೂ ಕಡೆ ಒಂದೊಂದು ಮನೆ ಇರುತ್ತದೆ. ಲಿಫ್ಟನ್ನು ಹೊರಗಿನಿಂದ ಅಂಟಿಸಬೇಕು. ಹೊರಗೋಡೆಗೆ ತಾಗಿರುವುದು ಮನೆಯ ಬಾಗಿಲಿನ ಮಟ್ಟವಲ್ಲ, ಎರಡು ಮಹಡಿಗಳ ನಡುವಿನ ತಿರುವಿನ ಮಟ್ಟ. ಲಿಫ್ಟ್ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಎಂಟೊಂಬತ್ತು ಮೆಟ್ಟಿಲು ಹತ್ತಬೇಕು ಇಲ್ಲವೇ ಇಳಿಯಬೇಕು. ಊರುಗೋಲು ಹಿಡಿದವರಿಗೆ ಇದು ಉಪಕಾರವೇ, ಗಾಲಿಕುರ್ಚಿಯವರಿಗೆ ಶೂನ್ಯ. ಬಾಗಿಲಿನ ಮಟ್ಟಕ್ಕೇ ನಿಲ್ಲಬೇಕಾದರೆ ಬಾಲ್ಕನಿಯ ಕಡೆಯಿಂದ ಹೊಸ ಓಣಿ ಕಟ್ಟಿ ಮನೆಯ ಪ್ರವೇಶವನ್ನೇ ತಿರುಗಿಸಬೇಕು. ಅಷ್ಟು ಮಾಡುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಇನ್ನು ಜಗಳ. ನೆಲಮಹಡಿಯವರಿಗೆ ಲಿಫ್ಟಿನಿಂದ ಏನೂ ಲಾಭವಿಲ್ಲ. ಅವರ ಕಿಟಕಿಯ ಬೆಳಕು ಹೋಗುತ್ತದೆ, ಮೋಟಾರಿನ ಸದ್ದು ಬರುತ್ತದೆ. ಅವರಿಂದ ಮೇಲಿನವರಷ್ಟೇ ವಂತಿಗೆ ಕೇಳಿದರೆ ಯೋಜನೆ ಅಲ್ಲೇ ಮುರಿದುಬೀಳುತ್ತದೆ. ನೆಲಮಹಡಿಗೆ ಸೊನ್ನೆ, ಮೇಲೇರುತ್ತಾ ಹೋದಂತೆ ಹೆಚ್ಚು ಪಾಲು ಎಂಬ ಹಂಚಿಕೆಯನ್ನು ಮೊದಲೇ ಬರೆದಿಡಬೇಕು. ಸಿಂಗಪುರದ ಸಾರ್ವಜನಿಕ ವಸತಿಯಲ್ಲಿ ಬೇರೆ ಥರದ ತೊಂದರೆ ಇತ್ತು: ಲಿಫ್ಟ್ ಇತ್ತು, ಆದರೆ ಹಣ ಉಳಿಸಲೆಂದು ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. 2001ರಲ್ಲಿ ಶುರುವಾದ ಲಿಫ್ಟ್ ಸುಧಾರಣಾ ಯೋಜನೆಯಲ್ಲಿ ಪ್ರತಿ ಮಹಡಿಗೂ ನಿಲುಗಡೆ ಕೊಟ್ಟರು. ಆದರೆ ಬ್ಲಾಕಿನ 75 ಶೇಕಡಾ ಅರ್ಹ ಮನೆಯವರು ಹೌದು ಎಂದು ಮತ ಹಾಕಬೇಕಿತ್ತು. ಮತದ ಮಿತಿ, ವಂತಿಗೆಯ ಲೆಕ್ಕ ಎರಡೂ ಎಂಜಿನಿಯರಿಂಗಿನಷ್ಟೇ ಮುಖ್ಯ.

ಲಿಫ್ಟ್ ಆಗದ ಕಡೆ ಅಗ್ಗದ ಉಪಾಯ ಒಂದಿದೆ. ಬಾಡಿಗೆ ವಸತಿಯಲ್ಲಿ ನೆಲಮಹಡಿಯ ಮನೆ ಖಾಲಿಯಾದಾಗ ಹೊರಗಿನ ಅರ್ಜಿದಾರರಿಗಿಂತ ಮೊದಲು ಅದೇ ಕಟ್ಟಡದ ಮೇಲ್ಮಹಡಿಯ ಹಿರಿಯರಿಗೆ ಕೊಡುವುದು. ನೆರೆಹೊರೆ, ವೈದ್ಯರು, ಅಂಗಡಿ ಯಾವುದೂ ಬದಲಾಗುವುದಿಲ್ಲ. ಇದಕ್ಕೆ ಸಿಮೆಂಟ್ ಬೇಡ, ಹಂಚಿಕೆಯ ನಿಯಮದಲ್ಲಿ ಒಂದು ಸಾಲು ಬೇಕು.

ಹೊಸ ಕಟ್ಟಡದ ಲಿಫ್ಟಿನ ವಿಷಯಕ್ಕೆ ಬಂದರೆ, ಅದು ಏರಿಳಿಯುವ ಗುಂಡಿಯ, ಅಂದರೆ ಶಾಫ್ಟಿನ ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಯಂತ್ರವನ್ನು 25 ವರ್ಷಕ್ಕೆ ಬದಲಾಯಿಸಬಹುದು, ಕಾಂಕ್ರೀಟಿನ ಗುಂಡಿಯನ್ನು ಬದಲಾಯಿಸಲಾಗದು. ಗಾಲಿಕುರ್ಚಿಯೂ ಅದನ್ನು ತಳ್ಳುವವರೂ ಹಿಡಿಯಬೇಕಾದರೆ ಲಿಫ್ಟಿನ ಪೆಟ್ಟಿಗೆಯ ಒಳಗೆ 1100 ಅಗಲ, 1400 ಮಿಲಿಮೀಟರ್ ಆಳ. ಸ್ಟ್ರೆಚರ್ ಮಲಗಿಸಿಕೊಂಡು ಹೋಗಲು 2100 ಆಳ. ಕಟ್ಟಡಕ್ಕೆ ಕನಿಷ್ಠ ಒಂದಾದರೂ ಹೀಗಿರಲಿ. ಇಲ್ಲದಿದ್ದರೆ ರೋಗಿಯನ್ನು ಕುರ್ಚಿಯಲ್ಲಿ ಕಟ್ಟಿ ಮೆಟ್ಟಿಲಲ್ಲಿ ಇಳಿಸಬೇಕಾಗುತ್ತದೆ. ಒಂದೇ ಲಿಫ್ಟ್ ಇರುವ ಎತ್ತರದ ಕಟ್ಟಡದಲ್ಲಿ ಅದು ಕೆಟ್ಟ ದಿನ ಮೇಲಿನವರಿಗೆ ಗೃಹಬಂಧನ. ಇನ್ನೊಂದು ವಿಚಿತ್ರ ನೋಡಿ: ಕೆಳಗೆ ವಾಹನ ನಿಲುಗಡೆ ಇರುವ ಕಟ್ಟಡಗಳಲ್ಲಿ ನೀರು ಗುಂಡಿಗೆ ಇಳಿಯಬಾರದೆಂದು ಲಿಫ್ಟಿನ ಬಾಗಿಲನ್ನು ಮೂರು ಮೆಟ್ಟಿಲು ಮೇಲಿಟ್ಟಿರುತ್ತಾರೆ. ಲಕ್ಷಾಂತರ ಖರ್ಚಿನ ಯಂತ್ರ, ಅದನ್ನು ತಲುಪಲು ಮೂರು ಮೆಟ್ಟಿಲು! ನೀರಿಗೆ ಬೇಕಾದದ್ದು ಮುಂದೆ ಒಂದು ಜಾಲರಿ ಚರಂಡಿ ಮತ್ತು ಸಣ್ಣ ಇಳಿಜಾರು. ಮೂರು ಮೆಟ್ಟಿಲು ಎಂದರೆ 450 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ) ರ‍್ಯಾಂಪಿಗೆ 5.4 ಮೀಟರ್ ಉದ್ದ, ಎರಡೂ ತುದಿಯಲ್ಲಿ ತಿರುಗಲು ಒಂದೂವರೆ ಮೀಟರ್ ಸೇರಿ 8.4 ಮೀಟರ್. ಕಟ್ಟಿದ ಮೇಲೆ ಅಷ್ಟು ಜಾಗ ಹುಡುಕಿದರೆ ಸಿಗುವುದಿಲ್ಲ. ಆಗ ಹುಟ್ಟಿಕೊಳ್ಳುವುದೇ ಜಾರುಬಂಡಿಯಂಥ ರ‍್ಯಾಂಪುಗಳು.

ಈಗ ಬಚ್ಚಲಿಗೆ ಬನ್ನಿ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಡೀ ಮನೆಯಲ್ಲಿ ಒದ್ದೆ ನೆಲ, ಬರಿಗಾಲು, ಏಳುವುದು ಕೂರುವುದು, ಮುಚ್ಚಿದ ಬಾಗಿಲು, ನಾಲ್ಕೂ ಸೇರುವ ಜಾಗ ಇದೊಂದೇ.

ಬಚ್ಚಲಿನ ನೆಲ ಕೋಣೆಯ ನೆಲದ ಮಟ್ಟಕ್ಕೇ ಇರಬೇಕು. ಇರುವುದಿಲ್ಲ, ಯಾಕೆ? ಪೈಪುಗಳು ನೆಲದ ಕೆಳಗೆ ಹೋಗಬೇಕು. ರಚನಾ ಎಂಜಿನಿಯರು ಸ್ಲ್ಯಾಬನ್ನು ಎಲ್ಲ ಕಡೆ ಒಂದೇ ಮಟ್ಟಕ್ಕೆ ಹಾಕಿದರೆ, ಪೈಪು ಮುಚ್ಚಲು ಬಚ್ಚಲಿನ ನೆಲವನ್ನು 100-150 ಮಿಲಿಮೀಟರ್ ಎತ್ತರಿಸಲೇಬೇಕು. ಅಲ್ಲಿಗೆ ಬಾಗಿಲಲ್ಲಿ ಮೆಟ್ಟಿಲು ಹುಟ್ಟಿತು. ಬಚ್ಚಲಿರುವ ಕಡೆ ಸ್ಲ್ಯಾಬನ್ನೇ ತಗ್ಗಿಸಿ ಹಾಕುವ ತೀರ್ಮಾನವನ್ನು ಬೀಮುಗಳ ನಕ್ಷೆ ಬರೆಯುವಾಗಲೇ ಮಾಡಬೇಕು. ಎಷ್ಟು ತಗ್ಗಿಸಬೇಕು ಎನ್ನುವಾಗ ನೀರಿನ ಇಳಿಜಾರನ್ನೂ ಸೇರಿಸಿ: ಒಂದಕ್ಕೆ ಐವತ್ತರಂತೆ ಒಂದೂವರೆ ಮೀಟರಿಗೆ 30 ಮಿಲಿಮೀಟರ್. ಇಳಿಜಾರು ಬಾಗಿಲಿನಿಂದ ದೂರಕ್ಕೆ ಇರಲಿ, ಬಾಗಿಲ ಬಳಿ ಉದ್ದನೆಯ ಜಾಲರಿ ಇರಲಿ. ಆಗ ಹೊಸ್ತಿಲಿಲ್ಲದೆಯೂ ನೀರು ಹೊರಗೆ ಬರುವುದಿಲ್ಲ. ಗುತ್ತಿಗೆದಾರರು ‘ಹೊಸ್ತಿಲಿಲ್ಲದಿದ್ದರೆ ನೀರು ನುಗ್ಗುತ್ತದೆ’ ಎಂದರೆ ಅವರ ಇಳಿಜಾರು ಸರಿಯಿಲ್ಲ ಎಂದೇ ಅರ್ಥ ಮಾಡಿಕೊಳ್ಳಿ.

ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. ಚಿಲಕ ಹೊರಗಿನಿಂದ ಒಂದು ನಾಣ್ಯ ತಿರುಗಿಸಿ ತೆಗೆಯುವಂಥದ್ದಾಗಿರಲಿ. ಅಗಲದಲ್ಲಿ ಎಲ್ಲರೂ ಮೋಸಹೋಗುತ್ತಾರೆ. ನಕ್ಷೆಯಲ್ಲಿ 900 ಎಂದು ಬರೆದದ್ದು ಗೋಡೆಯಲ್ಲಿ ಬಿಟ್ಟ ಬಾಯಿ. ಚೌಕಟ್ಟು ಎರಡೂ ಕಡೆ 50, ತೆರೆದು ನಿಂತ ಬಾಗಿಲಿನ ದಪ್ಪ 35, ಉಳಿದದ್ದು 765. ಗಾಲಿಕುರ್ಚಿ 650ರಿಂದ 700 ಅಗಲ, ಚಕ್ರ ತಿರುಗಿಸುವ ಕೈಗಳ ಗೆಣ್ಣು ಬೇರೆ. ಗೋಡೆಯಲ್ಲಿ 1000 ಬಿಟ್ಟರೆ 865 ಸಿಗುತ್ತದೆ. ಆ ನೂರು ಮಿಲಿಮೀಟರಿಗೆ ಕಟ್ಟುವಾಗ ಖರ್ಚು ಇಲ್ಲವೆಂದೇ ಹೇಳಬಹುದು, ಆಮೇಲೆ ಬಾಗಿಲ ಮೇಲಿನ ಲಿಂಟಲ್ ತೊಲೆ ಒಡೆಯಬೇಕು. ಒಳಗೆ 1500 ಮಿಲಿಮೀಟರ್ ವ್ಯಾಸದ ಖಾಲಿ ವೃತ್ತ ಸಿಕ್ಕರೆ ಕುರ್ಚಿ ತಿರುಗುತ್ತದೆ. ಚಿಕ್ಕ ಮನೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ, ಬಚ್ಚಲಿಗೂ ಮಲಗುವ ಕೋಣೆಗೂ ನಡುವಿನ ಗೋಡೆಯಲ್ಲಿ ಪೈಪು, ವಯರು, ಕಂಬ ಯಾವುದೂ ಬರದಂತೆ ನೋಡಿಕೊಳ್ಳಿ. ಬೇಕಾದ ದಿನ ಅದನ್ನು ತೆಗೆದರಾಯಿತು.

ಹಿಡಿಕಂಬಿ. ಎಲ್ಲ ಮನೆಗೂ ಈಗಲೇ ಕಂಬಿ ಹಾಕಬೇಡಿ. 35ರ ದಂಪತಿಗಳು ಅದನ್ನು ಟವೆಲ್ ಒಣಗಿಸಲು ಬಳಸುತ್ತಾರೆ. ಹಾಕಬೇಕಾದದ್ದು ಕಂಬಿಯನ್ನು ತಡೆದುಕೊಳ್ಳುವ ಗೋಡೆ. ಟೊಳ್ಳು ಇಟ್ಟಿಗೆ, ಹಗುರ ಬ್ಲಾಕು, ಜಿಪ್ಸಮ್ ಗೋಡೆಗಳಲ್ಲಿ ಬೋಲ್ಟು ನಿಲ್ಲುವುದಿಲ್ಲ. ಸುಮ್ಮನೆ ಮುಟ್ಟಿ ನೋಡಿದಾಗ ಗಟ್ಟಿಯಾಗಿರುತ್ತದೆ, ಜಾರಿದವರು ಮೈಭಾರ ಹಾಕಿ ಎಳೆದಾಗ ಟೈಲ್ಸ್ ಸಮೇತ ಕಿತ್ತುಬರುತ್ತದೆ. ಅಮೆರಿಕದ ಮಾನದಂಡದಲ್ಲಿ ಕಂಬಿ 250 ಪೌಂಡ್, ಅಂದರೆ 113 ಕಿಲೋ ಎಳೆತ ತಡೆಯಬೇಕು. ಆದ್ದರಿಂದ ಕಮೋಡಿನ ಪಕ್ಕ, ಹಿಂದೆ, ಸ್ನಾನದ ಜಾಗದಲ್ಲಿ ನೆಲದಿಂದ 700ರಿಂದ 1500 ಮಿಲಿಮೀಟರ್ ಎತ್ತರದ ಪಟ್ಟಿಯನ್ನು ಗಟ್ಟಿ ಬ್ಲಾಕಿನಲ್ಲಿ ಕಟ್ಟಿಸಿ. ಜಿಪ್ಸಮ್ ಗೋಡೆಯಾದರೆ ಒಳಗೆ 18 ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್ ಇಡಿಸಿ. ಟೈಲ್ಸ್ ಹಾಕುವ ಮುಂಚೆ ಫೋಟೋ ತೆಗೆದು ಮನೆಯ ಕಾಗದಪತ್ರದ ಜೊತೆ ಸೇರಿಸಿಡಿ. ಮೂವತ್ತು ವರ್ಷದ ನಂತರ ಬರುವ ಮಿಸ್ತ್ರಿಗೆ ಗೋಡೆಯೊಳಗೆ ಏನಿದೆ ಎಂದು ಹೇಳುವವರು ಬೇರೆ ಯಾರೂ ಇರುವುದಿಲ್ಲ. ಕಂಬಿಯ ದಪ್ಪ 32ರಿಂದ 40, ಗೋಡೆಗೂ ಕಂಬಿಗೂ ನಡುವೆ 40. ಹೆಚ್ಚು ಅಂತರ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅಲ್ಲ: ಬೀಳುವಾಗ ಮುಂಗೈ ಆ ಸಂದಿಯಲ್ಲಿ ತೂರಿಕೊಂಡರೆ ಮೂಳೆ ಮುರಿಯುತ್ತದೆ.

ಮೆಟ್ಟಿಲಿನ ಬಗ್ಗೆ ಎರಡೇ ಮಾತು. ಎತ್ತರ 150, ಅಗಲ 300 ಇದ್ದರೆ ಸಾಕು, ಆದರೆ ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ಮೂರನೆಯ ಹೆಜ್ಜೆಯ ಹೊತ್ತಿಗೆ ಕಾಲು ಎತ್ತರವನ್ನು ಕಲಿತುಬಿಡುತ್ತದೆ; ಕೊನೆಯ ಮೆಟ್ಟಿಲು ಟೈಲ್ಸಿನ ದಪ್ಪದಷ್ಟು ಬೇರೆಯಾದರೂ ಎಡವುತ್ತಾರೆ. ಹಿಡಿಕಂಬಿ ಎರಡೂ ಕಡೆ ಬೇಕು, ಏಕೆಂದರೆ ಪಾರ್ಶ್ವವಾಯು ಆದವರಿಗೆ ಒಂದೇ ಕೈಯಲ್ಲಿ ಬಲ ಇರುತ್ತದೆ, ಹತ್ತುವಾಗ ಎಡಕ್ಕೆ ಸಿಕ್ಕ ಕಂಬಿ ಇಳಿಯುವಾಗ ಬಲಕ್ಕೆ ಹೋಗುತ್ತದೆ.

ಬೆಳಕಿನಲ್ಲೂ ನಾವು ನಮ್ಮ ಕಣ್ಣಿನ ಲೆಕ್ಕ ಹಾಕುತ್ತೇವೆ. 20ರ ಕಣ್ಣಿನ ಒಳಪೊರೆಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ 60ರ ಕಣ್ಣಿಗೆ ತಲುಪುತ್ತದೆ. ಹಾಗೆಂದು ಕಣ್ಣು ಕುಕ್ಕುವ ದೀಪ ಹಾಕಿದರೆ ಇನ್ನೂ ಕೆಡುಕು, ಹೊಳೆಯುವ ನೆಲ ಒದ್ದೆಯಂತೆ ಕಾಣುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ತಿಳಿ ನೆಲದ ನಡುವಿನ ಕಪ್ಪು ಪಟ್ಟಿ ಹಳ್ಳದಂತೆ ಕಂಡು, ದಾಟಲು ಹೆದರಿ ನಿಂತುಬಿಡುತ್ತಾರೆ. ಬಿಳಿ ಗೋಡೆ, ಬಿಳಿ ಕಮೋಡ್, ಬಿಳಿ ಹಿಡಿಕಂಬಿ ಕ್ಯಾಟಲಾಗಿನಲ್ಲಿ ಚೆಂದ, ಮಂದದೃಷ್ಟಿಗೆ ಮೂರೂ ಮಾಯ. ಹತ್ತು ಮಹಡಿಗೂ ಒಂದೇ ಬಣ್ಣ, ಒಂದೇ ಬಾಗಿಲು ಇದ್ದರೆ ಮರೆವಿನವರು ಬೇರೆಯವರ ಮನೆಯ ಬೀಗಕ್ಕೆ ಕೀಲಿ ಹಾಕಿ ಪರದಾಡುತ್ತಾರೆ. ಮಹಡಿಗೊಂದು ಬಣ್ಣ ಬಳಿಯುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಮನೆ ಎಷ್ಟು ಚೆನ್ನಾಗಿದ್ದರೂ ಬೀದಿ ದಾಟಲಾಗದಿದ್ದರೆ ಅದು ಪಂಜರ. ಯೋಜಕರ ಭಾಷೆಯಲ್ಲಿ 400 ಮೀಟರ್ ಎಂದರೆ ಐದು ನಿಮಿಷದ ನಡಿಗೆ. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಅದೇ ದೂರ ಎಂಟು ನಿಮಿಷ ಮೀರುತ್ತದೆ, ಕೂತು ಏಳುವುದು ಬೇರೆ. ಸಿಗ್ನಲ್ ಲೆಕ್ಕ ಇನ್ನೂ ಕ್ರೂರ. 14 ಮೀಟರ್ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ 12 ಸೆಕೆಂಡಿನಲ್ಲಿ ದಾಟಬಹುದು, 0.8ರಲ್ಲಿ ಹದಿನೇಳೂವರೆ ಬೇಕು. ಅಂದರೆ ದೀಪ ಬದಲಾದಾಗ ಅವರಿನ್ನೂ ನಾಲ್ಕೂವರೆ ಮೀಟರ್ ಹಿಂದಿರುತ್ತಾರೆ, ಸರಿಯಾಗಿ ವಾಹನದ ಮುಂದೆ. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಕಂಬಕ್ಕೆ ತಾಗಿಸಿದರೆ ರಸ್ತೆಯ ಅಗಲ ನೋಡಿ 3ರಿಂದ 13 ಸೆಕೆಂಡ್ ಹೆಚ್ಚು ಸಿಗುವ ವ್ಯವಸ್ಥೆ ಇದೆ. ಜಾಣ ಉಪಾಯವೇ. ನನ್ನ ಮಟ್ಟಿಗೆ ರಸ್ತೆಯ ನಡುವೆ ನಿಲ್ಲಲು ಎರಡು ಮೀಟರ್ ಅಗಲದ ಜಗಲಿ ಕಟ್ಟುವುದು ಅದಕ್ಕಿಂತ ಗಟ್ಟಿ, ಅದು ಕೆಡುವುದಿಲ್ಲ. ಬೆಂಚುಗಳು ನೂರು ಮೀಟರಿಗೊಂದಾದರೂ ಇರಲಿ, 450 ಮಿಲಿಮೀಟರ್ ಎತ್ತರ, ಒರಗು, ತೋಳು ಊರುವ ಹಿಡಿ. ತೋಳಿಲ್ಲದ ಕಲ್ಲುಬೆಂಚಿನಲ್ಲಿ ಕೂರಬಹುದು, ಏಳಲಾಗುವುದಿಲ್ಲ.

ಇನ್ನು ಮನೆಗಳ ಗಾತ್ರ. ಮೂರು ಕೋಣೆಯ ಮನೆಯಲ್ಲಿ ಒಬ್ಬರೇ ಉಳಿದಿದ್ದಾರೆ, ಚಿಕ್ಕ ಮನೆಗೆ ಹೋಗಬಾರದೇಕೆ ಎಂದು ಅಂಕಿಅಂಶದವರು ಕೇಳುತ್ತಾರೆ. ಹೋಗಲು ಅದೇ ಬೀದಿಯಲ್ಲಿ ಚಿಕ್ಕ ಮನೆ ಇರಬೇಕಲ್ಲ? ಇಡೀ ಬಡಾವಣೆಯನ್ನು ಒಂದೇ ಗಾತ್ರದ ಮನೆಗಳಿಂದ ತುಂಬಿದವರು ನಾವೇ. ಸಿಂಗಪುರದಲ್ಲಿ 55 ದಾಟಿದವರು ಎರಡು ಕೋಣೆಯ ಚಿಕ್ಕ ಫ್ಲ್ಯಾಟನ್ನು 15ರಿಂದ 45 ವರ್ಷದ ಗುತ್ತಿಗೆಗೆ ಕೊಳ್ಳಬಹುದು. ಗುತ್ತಿಗೆ ಅವರಿಗೂ ಸಂಗಾತಿಗೂ ಕನಿಷ್ಠ 95 ವರ್ಷ ಆಗುವವರೆಗೆ ಇರಬೇಕೆಂಬುದು ಷರತ್ತು. ಅಲ್ಲಿ ಸಾಮಾನ್ಯವಾದ 99 ವರ್ಷದ ಗುತ್ತಿಗೆಗೆ ಹಣ ಕೊಡಬೇಕಿಲ್ಲ, ದೊಡ್ಡ ಮನೆ ಮಾರಿದ ಹಣ ಕೈಯಲ್ಲಿ ಉಳಿಯುತ್ತದೆ. ಡೆನ್ಮಾರ್ಕ್ ಇನ್ನೊಂದು ದಾರಿ ಹಿಡಿಯಿತು: 1987ರ ಕಾನೂನಿನಿಂದ ಹಳೆಯ ಮಾದರಿಯ ನರ್ಸಿಂಗ್ ಹೋಮ್ ಕಟ್ಟುವುದನ್ನು ನಿಲ್ಲಿಸಿ, ಸ್ವಂತ ಬಾಗಿಲು, ಅಡುಗೆಮನೆ, ಬಚ್ಚಲು ಇರುವ ಹಿರಿಯರ ಮನೆಗಳನ್ನು ಕಟ್ಟಿ ಆರೈಕೆಯನ್ನು ಮನೆಗೇ ಕಳಿಸಿತು. ಸಿಂಗಪುರದ ಕಂಪುಂಗ್ ಅಡ್ಮಿರಾಲ್ಟಿ ಎಂಬ ಸಮುಚ್ಚಯದಲ್ಲಿ ಹಿರಿಯರ 104 ಫ್ಲ್ಯಾಟು, ವೈದ್ಯಕೀಯ ಕೇಂದ್ರ, ಊಟದ ಅಂಗಳ, ಮಕ್ಕಳ ಪಾಲನಾ ಕೇಂದ್ರ ಎಲ್ಲವೂ ಒಂದರ ಮೇಲೊಂದು ಇವೆ. ಎಲ್ಲ ಕಡೆ ಅಂಥದ್ದನ್ನು ಕಟ್ಟಲಾಗದು, ಆದರೆ ಅದರಿಂದ ಒಂದು ವಿಷಯ ಕದಿಯಬಹುದು: ಸಮುದಾಯದ ಕೋಣೆಯನ್ನು ಜನ ದಿನವೂ ಹಾದುಹೋಗುವ ದಾರಿಯಲ್ಲಿ ಇಡುವುದು. ತಾರಸಿಯ ಮೇಲೆ ಇಟ್ಟ ಕೋಣೆಗೆ ಬೀಗ ಬೀಳುತ್ತದೆ.

ಬಿಸಿಲಿನ ಬಗ್ಗೆಯೂ ಹೇಳಬೇಕು. 1995ರ ಜುಲೈನಲ್ಲಿ ಷಿಕಾಗೋದಲ್ಲಿ 700ಕ್ಕೂ ಹೆಚ್ಚು ಜನ, 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ ಬಿಸಿಗಾಳಿಗೆ ಸತ್ತರು. ಬಹುಪಾಲು ವೃದ್ಧರು, ಬಹಳ ಮಂದಿ ಒಂಟಿಯಾಗಿದ್ದವರು. ಎರಡೂ ಕಡೆ ಚಾವಣಿಯ ಕೆಳಗಿನ ಕೊನೆಯ ಮಹಡಿಯವರಿಗೆ ಅಪಾಯ ಹೆಚ್ಚಿತ್ತು. ಚಾವಣಿಗೆ ಶಾಖ ತಡೆಯುವ ಪದರ, ಎದುರುಬದುರು ಕಿಟಕಿ, ಕಟ್ಟಡಕ್ಕೊಂದು ತಂಪಾದ ಸಾಮಾನ್ಯ ಕೋಣೆ, ಇವು ಹಿಡಿಕಂಬಿಗಿಂತ ಹೆಚ್ಚು ಜೀವ ಉಳಿಸಬಲ್ಲವು.

ಕೊನೆಗೆ, ಇರುವ ಮನೆಗಳ ದುರಸ್ತಿ. ಜಪಾನಿನ ಆರೈಕೆ ವಿಮೆ 2000ದಲ್ಲಿ ಶುರುವಾಯಿತು. ಅದರಲ್ಲಿ ಮನೆ ಮಾರ್ಪಾಡಿಗೆ 2 ಲಕ್ಷ ಯೆನ್‌ವರೆಗಿನ ಖರ್ಚಿಗೆ ನೆರವಿದೆ. ಹಿಡಿಕಂಬಿ, ಮಟ್ಟದ ವ್ಯತ್ಯಾಸ ತೆಗೆಯುವುದು, ಜಾರದ ನೆಲ, ಸರಿಯುವ ಬಾಗಿಲು, ಕಮೋಡ್. ಪಟ್ಟಿ ಚಿಕ್ಕದು, ಆಯ್ಕೆ ಸರಿಯಾದದ್ದು. ಇಂಥ ಯೋಜನೆಗಳು ಎಲ್ಲಿ ಕೆಡುತ್ತವೆಂದರೆ ಅಳತೆಯಲ್ಲಿ. ಗುತ್ತಿಗೆದಾರ ನಕ್ಷೆಯ ಅಳತೆ ಹಿಡಿದು ನೂರು ಮನೆಗೂ ಒಂದೇ ಎತ್ತರಕ್ಕೆ ಕಂಬಿ ಜಡಿದು ಬಿಲ್ ಮಾಡುತ್ತಾನೆ. ಮಾಡಬೇಕಾದದ್ದು ಬೇರೆ. ಆ ವ್ಯಕ್ತಿಯನ್ನು ಅವರ ಕಮೋಡಿನ ಮೇಲೆ ಬಟ್ಟೆ ಸಮೇತ ಕೂರಿಸಿ, ಎದ್ದು ನಿಲ್ಲಲು ಹೇಳಿ. ಏಳುವಾಗ ಕೈ ತಾನಾಗಿ ಎಲ್ಲಿ ಗೋಡೆಯನ್ನು ಹುಡುಕುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ. ಮೂರು ಸಲ ಮಾಡಿಸಿ, ಯಾವ ಕೈ ಬಲವಾದದ್ದು ಎಂದು ಕೇಳಿ, ಆಮೇಲೆ ಡ್ರಿಲ್ ತೆಗೆಯಿರಿ. ಹಳೆಯ ಮನೆಗಳಲ್ಲಿ ಆ ಜಾಗದ ಗೋಡೆ ಬಹಳ ಸಲ ಕೈ ಊರಿ ಊರಿ ಮಾಸಿರುತ್ತದೆ, ಅದನ್ನೂ ನೋಡಿ.